ಟಫಿ ರೋಡ್ಸ್ ಹೊಡೆದ ಮೂರು

ಮಧ್ಯಾಹ್ನ ಊಟ ಮಾಡುತ್ತಾ ಒಂದು ಹಳೇ ಬೇಸ್‌ಬಾಲ್ ವಿಡಿಯೊ ನೋಡಿದೆ. 1994ರ ಏಪ್ರಿಲ್ 4, ಷಿಕಾಗೋದ ರಿಗ್ಲಿ ಫೀಲ್ಡ್. ಸೀಸನ್‌ನಲ್ಲಿ ಕಬ್ಸ್ ತಂಡದ ಮೊದಲ ಪಂದ್ಯ.

ಕಬ್ಸ್ ಪರ ಬ್ಯಾಟ್ ಹಿಡಿದು ಮೊದಲು ಬಂದವನು ಟಫಿ ರೋಡ್ಸ್. ಎಸೆಯುತ್ತಿದ್ದವನು ಎದುರಾಳಿ ಮೆಟ್ಸ್ ತಂಡದ ಡ್ವೈಟ್ ಗುಡನ್. ವರ್ಷದ ಅತ್ಯುತ್ತಮ ಪಿಚ್ಚರ್‌ಗೆ (ಚೆಂಡು ಎಸೆಯುವವನಿಗೆ) ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವನು, ಸಾಮಾನ್ಯ ಪಿಚ್ಚರ್ ಅಲ್ಲ.

ಮೊದಲ ಸರದಿ, ಹೋಮ್ ರನ್, ಅಂದರೆ ಚೆಂಡು ಬೇಲಿಯಾಚೆ.
ಎರಡನೇ ಸರದಿ, ಮತ್ತೆ ಹೋಮ್ ರನ್.
ಐದನೇ ಇನ್ನಿಂಗ್ಸ್‌ನಲ್ಲಿ ಮೂರನೆಯದು. ಅದೂ ಹೋಯಿತು! ಮೂರೂ ಗುಡನ್ ಎಸೆತಕ್ಕೇ. ಆ ಮೂರನೆಯದನ್ನು ಮತ್ತೆ ಮತ್ತೆ ನೋಡಿದೆ.

ಪಂದ್ಯ ಮಾತ್ರ ಕಬ್ಸ್ 12-8ಕ್ಕೆ ಸೋತಿತು. ಆ ವರ್ಷವೆಲ್ಲಾ ರೋಡ್ಸ್ ಹೊಡೆದದ್ದು 8 ಹೋಮ್ ರನ್ ಅಷ್ಟೇ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಎಲ್ಲಾ ವರ್ಷ ಸೇರಿ ಒಟ್ಟು 13.

ಇಷ್ಟಕ್ಕೇ ಅವನ ಕಥೆ ಮುಗಿಸಿಬಿಡುವವರು ಜಾಸ್ತಿ. ಅದು ಅನ್ಯಾಯ ಅಲ್ವಾ? ಆಮೇಲೆ ಜಪಾನಿಗೆ ಹೋದ. ಅಲ್ಲಿ 464 ಹೊಡೆದ. 2001ರಲ್ಲಿ ಕಿಂಟೆತ್ಸು ತಂಡಕ್ಕೆ ಒಂದೇ ಸೀಸನ್‌ನಲ್ಲಿ 55, ಅಲ್ಲಿನ ದಿಗ್ಗಜ ಸದಹಾರು ಓ 1964ರಲ್ಲಿ ಮಾಡಿದ್ದ ದಾಖಲೆಗೆ ಸರಿಸಮ. 56ನೆಯದಕ್ಕೆ ಕಾಯುವಾಗ ಓ ಮ್ಯಾನೇಜರ್ ಆಗಿದ್ದ ತಂಡವೇ ಎದುರಿಗೆ ಬಂತು. ಅವರ ಪಿಚ್ಚರ್‌ಗಳು ಬೇಕಂತಲೇ ಬ್ಯಾಟಿಗೆ ಸಿಗದ ಹಾಗೆ ಎಸೆದರು. ಒಂದಾದರೂ ನೇರವಾಗಿ ಎಸೆಯಬೇಕಿತ್ತು.