ಸಿಮ್ ಹಾಕಿದರೂ ಲಿನಕ್ಸ್‌ನಲ್ಲಿ ಮೋಡೆಮ್ ಯಾಕೆ ಕಾಣುತ್ತಿಲ್ಲ?

"ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ತಗೊಂಡೆ. ಸಿಮ್ ಹಾಕೋ ಜಾಗ ಇದೆ, ಜಿಯೋ ಸಿಮ್ ಹಾಕಿದೆ. ಉಬುಂಟುನಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್ ಅನ್ನೋದೇ ಬರ್ತಿಲ್ಲ. ಯಾವ ಡ್ರೈವರ್ ಹಾಕಲಿ?" ಲ್ಯಾಪ್‌ಟಾಪಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಇದೇ.

ಡ್ರೈವರ್ ಆಮೇಲೆ. ಮೊದಲು ಲ್ಯಾಪ್‌ಟಾಪಿನ ತಳದ ಮುಚ್ಚಳ ಬಿಚ್ಚಿ ನೋಡಿ. ಒಂದೇ ಮಾಡೆಲ್ ಮೋಡೆಮ್ (ಮೊಬೈಲ್ ಜಾಲಕ್ಕೆ ಸೇರಿಸುವ ಕಾರ್ಡ್) ಸಮೇತವೂ ಮಾರಾಟವಾಗುತ್ತದೆ, ಮೋಡೆಮ್ ಇಲ್ಲದೆಯೂ ಆಗುತ್ತದೆ. ಹೊರಕವಚ ಒಂದೇ ಆದ್ದರಿಂದ ಸಿಮ್ಮಿನ ಜಾಗ ಎರಡರಲ್ಲೂ ಇರಬಹುದು. ಬಿಚ್ಚುವ ಮುನ್ನ ಬಯೋಸ್‌ನ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್‌ಗಳ) ಪವರ್ ವಿಭಾಗದಲ್ಲಿ ಒಳಗಿನ ಬ್ಯಾಟರಿಯನ್ನು ಡಿಸೇಬಲ್ ಮಾಡಿ. ನಿಮಗೆ ಕಾಣಬೇಕಾದದ್ದು 30 ಮಿ.ಮೀ. ಅಗಲ, 42 ಮಿ.ಮೀ. ಉದ್ದದ ಎಂ.2 ಕಾರ್ಡು, ಅದಕ್ಕೆ ಸಿಕ್ಕಿಸಿದ ಎರಡು ತೆಳು ಆಂಟೆನಾ ವೈರು. ಸ್ಲಾಟ್ ಖಾಲಿ ಇದ್ದು, ವೈರೂ ಇಲ್ಲದಿದ್ದರೆ ಕಾರ್ಡ್ ತಂದು ಹಾಕಿದರೂ ಸಿಗ್ನಲ್ ಸಿಗುವುದಿಲ್ಲ. ಆಂಟೆನಾ ಇರುವುದು ಸ್ಕ್ರೀನಿನ ಕಡೆ, ಅದನ್ನು ಎಳೆಯುವುದು ದೊಡ್ಡ ಕೆಲಸ. ಅಂಥವರಿಗೆ ಫೋನಿನ ಹಾಟ್‌ಸ್ಪಾಟೇ ವಾಸಿ.

ಕಾರ್ಡ್ ಇದೆ ಎನ್ನಿ. ಈಗ ಟರ್ಮಿನಲ್‌ನಲ್ಲಿ ಎರಡು ಕಮಾಂಡ್: ಯುಎಸ್‌ಬಿ ಮೂಲಕ ಸೇರಿದ ಸಾಧನಗಳ ಪಟ್ಟಿಗೆ ‘ಎಲ್ಎಸ್‌ಯುಎಸ್‌ಬಿ’, ಪಿಸಿಐ ಮೂಲಕ ಸೇರಿದವಕ್ಕೆ ‘ಎಲ್ಎಸ್‌ಪಿಸಿಐ’. (ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ.) ಎರಡರಲ್ಲೂ ಕಾರ್ಡಿನ ಸುಳಿವಿಲ್ಲದಿದ್ದರೆ ಯಾವ ಡ್ರೈವರೂ ಕೆಲಸಕ್ಕೆ ಬಾರದು, ಯಾಕೆಂದರೆ ಮದರ್‌ಬೋರ್ಡಿಗೇ ಅದು ಕಂಡಿಲ್ಲ. ಬಯೋಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ‘ವೈರ್‌ಲೆಸ್ ವ್ಯಾನ್’ (ಅಂದರೆ ಮೊಬೈಲ್ ಮೋಡೆಮ್) ಆಫ್ ಆಗಿದೆಯೇ ನೋಡಿ. ‘ಆರ್‌ಎಫ್‌ಕಿಲ್ ಲಿಸ್ಟ್’ ಕೊಟ್ಟು, ವೈರ್‌ಲೆಸ್ ವ್ಯಾನ್ ಸಾಲಿನಲ್ಲಿ ಬ್ಲಾಕ್ ಇದ್ದರೆ ತೆಗೆಯಿರಿ. ಬರೀ ರೀಸ್ಟಾರ್ಟ್ ಮಾಡಿದರೆ ಕಾರ್ಡಿನ ಕರೆಂಟ್ ಕಡಿಯದೇ ಇರಬಹುದು. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಹಳೆಯ ಥಿಂಕ್‌ಪ್ಯಾಡ್‌ಗೆ ಬೇರೆ ಕಾರ್ಡ್ ಹಾಕಿದಾಗ 1802 ಎಂಬ ಎರರ್ ಬಂದು ಬೂಟೇ ನಿಂತರೆ, ಅದು ಬಯೋಸ್‌ನ ಒಪ್ಪಿತ ಪಟ್ಟಿಯಲ್ಲಿಲ್ಲದ ಕಾರ್ಡ್ ಎಂದರ್ಥ. ಲಿನಕ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಕಾರ್ಡ್ ಎಲ್ಎಸ್‌ಯುಎಸ್‌ಬಿಯಲ್ಲಿ ಕಂಡರೆ ಅರ್ಧ ಗೆದ್ದಿರಿ. ‘ಎಲ್ಎಸ್‌ಯುಎಸ್‌ಬಿ -ಟಿ’ ಕೊಟ್ಟರೆ ಡ್ರೈವರ್ ಹೆಸರೂ ಬರುತ್ತದೆ. ‘ಸಿಡಿಸಿ_ಎಂಬಿಐಎಂ’ ಅಥವಾ ‘ಕ್ಯೂಎಂಐ_ವ್ಯಾನ್’ ಇರಬೇಕು. ಎರಡೂ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲೇ ಇವೆ, ಡೌನ್‌ಲೋಡ್ ಮಾಡುವಂಥದ್ದೇನಿಲ್ಲ. ಡಯಲ್-ಅಪ್ ಕಾಲದ ವಿನ್‌ಮೋಡೆಮ್‌ಗಳಲ್ಲಿ ಅರ್ಧ ಮೋಡೆಮ್ ವಿಂಡೋಸ್ ಡ್ರೈವರಿನೊಳಗೇ ಇರುತ್ತಿತ್ತು. ಡ್ರೈವರ್ ಹುಡುಕುವ ಚಟ ಅಲ್ಲಿಂದ ಬಂದದ್ದು. ಈಗಿನ 4ಜಿ ಕಾರ್ಡ್ ತನ್ನದೇ ಫರ್ಮ್‌ವೇರ್ ಓಡಿಸುವ ಪುಟ್ಟ ಕಂಪ್ಯೂಟರ್.

ಎಲ್ಎಸ್‌ಪಿಸಿಐಯಲ್ಲಿ ಕಂಡರೆ ಕರ್ನಲ್ ಎಷ್ಟು ಹೊಸದು ಎಂಬುದು ಮುಖ್ಯ. ಕ್ವಾಲ್‌ಕಾಮ್ ಚಿಪ್ಪಿನವಕ್ಕೆ 5.13, ಇಂಟೆಲ್‌ನ 7560ಕ್ಕೆ 5.14, ಮೀಡಿಯಾಟೆಕ್ ಟಿ7ಎಕ್ಸ್ಎಕ್ಸ್‌ಗೆ 5.19 ಅಥವಾ ಮೇಲಿನದು ಬೇಕು. ಹೆಚ್ಚು ಜನರನ್ನು ಗೋಳುಹೊಯ್ದುಕೊಂಡದ್ದು ಫಿಬೋಕಾಮ್ ಎಲ್850-ಜಿಎಲ್, ಪಟ್ಟಿಯಲ್ಲಿ 8086:7360 ಎಂದು ಕಾಣುವುದು. ಪಿಸಿಐ ಮೂಲಕ ಸೇರಿದಾಗ ಅದು ಎಂಬಿಐಎಂ ಎಂಬ ಸಾಮಾನ್ಯ ಭಾಷೆ ಬಿಟ್ಟು ತನ್ನದೇ ಭಾಷೆ ಆಡುತ್ತದೆ. ಮೋಡೆಮ್ ನಡೆಸುವ ಲಿನಕ್ಸ್ ಸೇವೆಯಾದ ಮೋಡೆಮ್‌ಮ್ಯಾನೇಜರ್‌ನ ಹಳೆಯ ಆವೃತ್ತಿಗೆ ಅದು ಅರ್ಥವಾಗುವುದಿಲ್ಲ. ಹಾಗಾಗಿ ಹಲವರು ಅದನ್ನು ಯುಎಸ್‌ಬಿ ಮೋಡ್‌ಗೆ ತಿರುಗಿಸಿಕೊಂಡರು.

ಇನ್ನು ಮೋಡೆಮ್‌ಮ್ಯಾನೇಜರ್. ‘ಎಂಎಂಸಿಎಲ್ಐ -ಎಲ್’ (ಈ ಎಲ್ ದೊಡ್ಡಕ್ಷರ) ಕೊಟ್ಟಾಗ ಮೋಡೆಮ್ ಇಲ್ಲ ಎಂದರೆ ಮೊದಲು ಆ ಸೇವೆ ಓಡುತ್ತಿದೆಯೇ ನೋಡಿ. ಕನಿಷ್ಠ ಇನ್‌ಸ್ಟಾಲ್ ಮಾಡಿಕೊಂಡವರಲ್ಲಿ ಅದು ಇರದೇ ಇರಬಹುದು. ಮೋಡೆಮ್ ಪಟ್ಟಿಯಲ್ಲಿದ್ದೂ ಎನೇಬಲ್ ಆಗದೆ, ಪವರ್ ಸ್ಟೇಟ್ ‘ಲೋ’ ಎಂದೇ ಉಳಿದರೆ ಬಹುತೇಕ ಎಫ್‌ಸಿಸಿ (ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ) ಲಾಕ್. ಅಮೆರಿಕದ ನಿಯಮದಂತೆ ರೇಡಿಯೋ ವಿಕಿರಣದ ಪ್ರಮಾಣಪತ್ರ ಲ್ಯಾಪ್‌ಟಾಪ್ ಮತ್ತು ಮೋಡೆಮ್‌ಗೆ ಜೋಡಿಯಾಗಿ ಸಿಗುತ್ತದೆ. ಅದಕ್ಕೇ ತಯಾರಕರು ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಅಪ್ಪಣೆ ಕೊಡುವವರೆಗೆ ರೇಡಿಯೋವನ್ನು ಕಟ್ಟಿಹಾಕಿರುತ್ತಾರೆ. ಅದೇ ಕಾರ್ಡನ್ನು ನಾವು ಇಲ್ಲಿ ಕೊಂಡರೂ ಆ ಬೀಗ ಹಾಗೇ ಇರುತ್ತದೆ. ಮೋಡೆಮ್‌ಮ್ಯಾನೇಜರ್ ಹಿಂದೆ ಕೆಲವು ಕಾರ್ಡ್‌ಗಳ ಬೀಗವನ್ನು ತಾನೇ ತೆಗೆಯುತ್ತಿತ್ತು, 1.18.4ರಿಂದ ಕೈಬಿಟ್ಟಿತು. ಅಪ್‌ಡೇಟ್ ಆದಮೇಲೆ ಕೆಟ್ಟಿತು ಎನ್ನುವವರ ಕಥೆ ಇದೇ ಇರಬಹುದು. ಬೀಗ ತೆಗೆಯುವ ಸ್ಕ್ರಿಪ್ಟ್‌ಗಳು ‘/ಯುಎಸ್ಆರ್/ಶೇರ್/ಮೋಡೆಮ್‌ಮ್ಯಾನೇಜರ್/ಎಫ್‌ಸಿಸಿ-ಅನ್‌ಲಾಕ್.ಅವೇಲಬಲ್.ಡಿ’ಯಲ್ಲಿ ಕೂತಿರುತ್ತವೆ, ಹೆಸರೇ ಪಟ್ಟಿಯಲ್ಲಿ ಕಾಣುವ ಕಾರ್ಡಿನ ನಂಬರು (ಸಿಯೆರಾ ಇಎಂ7455ಕ್ಕೆ 1199:9079). ನಿಮ್ಮ ನಂಬರಿನದಕ್ಕೆ ‘/ಇಟಿಸಿ/ಮೋಡೆಮ್‌ಮ್ಯಾನೇಜರ್/ಎಫ್‌ಸಿಸಿ-ಅನ್‌ಲಾಕ್.ಡಿ’ಯಲ್ಲಿ ರೂಟ್ (ಅಡ್ಮಿನ್) ಆಗಿ ಸಿಂಬಾಲಿಕ್ ಲಿಂಕ್ (ಶಾರ್ಟ್‌ಕಟ್‌ನಂಥದ್ದು) ಮಾಡಿ, ಸೇವೆಯನ್ನು ರೀಸ್ಟಾರ್ಟ್ ಮಾಡಿ. ಮೋಡೆಮ್‌ಮ್ಯಾನೇಜರ್ ಎಂಬ ಹೆಸರಿನಲ್ಲಿ ಎರಡೂ ಎಂ ದೊಡ್ಡಕ್ಷರ. ತಪ್ಪುವುದು ಹೆಚ್ಚಾಗಿ ಇಲ್ಲೇ.

‘ಸಿಮ್-ಮಿಸ್ಸಿಂಗ್’ ಎಂದು ಬಂದರೆ ಸಿಮ್ ತಿರುಗುಮುರುಗಾಗಿದೆಯೇ ನೋಡಿ. ಇ-ಸಿಮ್ ಇರುವ ಲ್ಯಾಪ್‌ಟಾಪಾದರೆ ಮೋಡೆಮ್ ಅದನ್ನೇ ಹಿಡಿದು ಕೂತಿರಬಹುದು; ‘ಎಂಎಂಸಿಎಲ್ಐ -ಎಂ 0 --ಸೆಟ್-ಪ್ರೈಮರಿ-ಸಿಮ್-ಸ್ಲಾಟ್=1’ ಎಂದೋ 2 ಎಂದೋ ಕೊಟ್ಟು ಬದಲಿಸಿ.

ಕಾರ್ಡ್ ಕೊಳ್ಳುವವರು ಬ್ಯಾಂಡ್ (ಸಿಗ್ನಲ್ ಓಡುವ ತರಂಗಾಂತರದ ಪಟ್ಟಿ) ನೋಡಿ ಕೊಳ್ಳಿ. ಜಿಯೋದ 4ಜಿ ಓಡುವುದು 3, 5 ಮತ್ತು 40ರಲ್ಲಿ. ಅಗ್ಗಕ್ಕೆ ಸಿಗುವ ಇಎಂ7455ರಲ್ಲಿ 3 ಮತ್ತು 5 ಇವೆ, 40 ಇಲ್ಲ. ಏಷ್ಯಾಕ್ಕೆಂದೇ ಮಾಡಿದ ಇಎಂ7430ರಲ್ಲಿ ಮೂರೂ ಇವೆ. ಥಿಂಕ್‌ಪ್ಯಾಡ್ ಎಕ್ಸ್230 ಕಾಲದ ಬರೀ 3ಜಿ ಕಾರ್ಡ್‌ಗಳು ಎಷ್ಟೇ ಚೆನ್ನಾಗಿ ಡಿಟೆಕ್ಟ್ ಆದರೂ ಜಿಯೋ ಸಿಮ್ಮಿಗೆ ದಂಡ, ಆ ಜಾಲದಲ್ಲಿ 3ಜಿ ಎಂಬುದೇ ಇಲ್ಲ. ಕೊನೆಗೆ ಎಪಿಎನ್ (ಮೊಬೈಲ್ ಕಂಪನಿಯ ಇಂಟರ್ನೆಟ್ ಪ್ರವೇಶದ ಹೆಸರು): ಜಿಯೋಗೆ ‘ಜಿಯೋನೆಟ್’, ಏರ್‌ಟೆಲ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್.ಕಾಮ್’, ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’. ಯೂಸರ್‌ನೇಮ್, ಪಾಸ್‌ವರ್ಡ್ ಖಾಲಿ ಬಿಡಿ.