ಕುಂಟುವ ಹೇಂಟೆಯ ಆರೈಕೆ

ನಮ್ಮ ಹಿತ್ತಿಲಿನ ಕಂದುಬಣ್ಣದ ಹೇಂಟೆಯು ಒಂದು ಬೆಳಿಗ್ಗೆ ಗೂಡಿನಿಂದ ಹೊರಬರದೆ, ಎಡಗಾಲನ್ನು ಮಡಚಿಕೊಂಡು ಮೂಲೆಯಲ್ಲೇ ಕುಳಿತಿದ್ದುದನ್ನು ಕಂಡು, ಮೊದಲು ಅದರ ಅಂಗಾಲನ್ನು ತಿರುಗಿಸಿ ನೋಡಿದೆ. ಅಲ್ಲಿ ಮೆಣಸಿನ ಕಾಳಿನಷ್ಟು ಕಪ್ಪು ಹಕ್ಕಳೆಯೂ ಅದರ ಸುತ್ತ ಬಿಸಿಯಾದ ಊತವೂ ಇದ್ದವು. ಸಣ್ಣ ಗಾಯದ ಮೂಲಕ ಬ್ಯಾಕ್ಟೀರಿಯಾ ಒಳಸೇರಿ ಕೀವುಗಟ್ಟುವ ಸೋಂಕು ಅದೆಂದು ಪಶುವೈದ್ಯರು ಹೇಳಿ, ಗಾಯ ತೊಳೆದು ಪಟ್ಟಿ ಕಟ್ಟಿದರು. ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿಕೊಂಡಿದ್ದರೆ ಮಾರೆಕ್ಸ್ ಎಂಬ ವೈರಾಣು ರೋಗದ ಶಂಕೆ ಬರುತ್ತಿತ್ತು, ಅದಕ್ಕೆ ಚಿಕಿತ್ಸೆಯಿಲ್ಲ.

ಉಳಿದ ಕೋಳಿಗಳು ಕುಕ್ಕದಂತೆ ಅದನ್ನು ಬೇರೆಯಿರಿಸಿ, ದಪ್ಪನಾಗಿ ಒಣಹುಲ್ಲು ಹಾಸಿ, ನೀರನ್ನೂ ಕಾಳನ್ನೂ ಕೊಕ್ಕಿಗೆ ಎಟಕುವಂತೆ ಇಟ್ಟೆ. ಕುಳಿತೇ ಇರುವ ಕೋಳಿಯ ಎದೆಮೂಳೆಯ ಮೇಲೆ ಹುಣ್ಣಾಗುವ ಸಂಭವವಿರುವುದರಿಂದ ಆಗಾಗ ಮಗ್ಗುಲು ಬದಲಿಸುತ್ತಿದ್ದೆ, ಹಿಕ್ಕೆ ಅಂಟಿದ ಪುಕ್ಕಗಳನ್ನು ತೊಳೆಯುತ್ತಿದ್ದೆ (ಅದಕ್ಕೆ ಇದು ಕಿಂಚಿತ್ತೂ ಹಿಡಿಸುತ್ತಿರಲಿಲ್ಲ). ಹತ್ತನೆಯ ದಿನ ಅದು ಮೂರು ಹೆಜ್ಜೆಯಿಟ್ಟು ಕಾಳಿನ ತಟ್ಟೆಯನ್ನೇ ಮಗುಚಿತು.