ಆಂಪ್ಲಿಫಯರ್ ಬದಲಿಸುವ ಮೊದಲು ಪಡಸಾಲೆ ನೋಡಬೇಕು

ರಾಯಚೂರಿನಲ್ಲಿ ಸ್ಟೀರಿಯೊ ರಿಪೇರಿ ಮಾಡುವ ನನ್ನ ಅಂಗಡಿಗೆ ಬರುವವರಲ್ಲಿ ಹಲವರ ಬೇಡಿಕೆ ಒಂದೇ ಆಗಿರುತ್ತದೆ: ಬಾಸ್ (ಸಂಗೀತದ ತಗ್ಗು ಸ್ವರದ ಸದ್ದು) ಸಾಲುತ್ತಿಲ್ಲ, ಇನ್ನೂ ದೊಡ್ಡ ಆಂಪ್ಲಿಫಯರ್ ಹಾಕಿಕೊಡಿ. 50 ವ್ಯಾಟಿನ ಜಾಗದಲ್ಲಿ 100 ವ್ಯಾಟಿನದನ್ನು ಕೂರಿಸಿದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ತುಸು ಜಾಸ್ತಿ ಎನಿಸಬಹುದೇ ಹೊರತು, ಇಲ್ಲದ ಬಾಸ್ ಅದರಿಂದ ಹುಟ್ಟುವುದಿಲ್ಲ. ಆದ್ದರಿಂದ ಹೊಸದನ್ನು ಮಾರುವ ಮೊದಲು ನಾನು ಅವರ ಮನೆಗೆ ಹೋಗಿ, ಸ್ಪೀಕರ್ ಎಲ್ಲಿವೆ, ಕೇಳುವವರು ಎಲ್ಲಿ ಕೂರುತ್ತಾರೆ ಎಂಬುದನ್ನು ನೋಡುತ್ತೇನೆ.

ಸಿಂಧನೂರಿನ ನಿವೃತ್ತ ಮಾಸ್ತರರೊಬ್ಬರು ಹಿಂದೂಸ್ತಾನಿ ಸಂಗೀತದ ಅಭಿಮಾನಿಗಳು. "ತಮ್ಮಾ, ತಬಲಾ ಕೇಳ್ತದ, ಡಗ್ಗಾದ ಗುಂಕಾರ ಎಲ್ಲಿ ಹೋತು?" ಎಂದು ಅವರು ತಬಲಾ ಜೋಡಿಯ ಎಡಗೈ ವಾದ್ಯದ ಬಗ್ಗೆ ಕೇಳಿದಾಗ ನಾನು ಮೊದಲು ನೋಡಿದ್ದು ಸ್ಪೀಕರುಗಳ ಹಿಂಬದಿಯ ವೈರುಗಳನ್ನು. ಒಂದು ಸ್ಪೀಕರಿನಲ್ಲಿ ಕೆಂಪು, ಕಪ್ಪು ವೈರುಗಳು ಅದಲುಬದಲಾಗಿದ್ದವು. ಹೀಗಾದಾಗ ಒಂದು ಸ್ಪೀಕರಿನ ಕೋನ್ (ಅದುರಿ ಸದ್ದು ಹೊರಡಿಸುವ ಪರದೆ) ಮುಂದಕ್ಕೆ ತಳ್ಳುವ ಹೊತ್ತಿಗೆ ಇನ್ನೊಂದರದು ಹಿಂದಕ್ಕೆ ಸರಿಯುತ್ತದೆ. ಬಾಸಿನ ಅಲೆಗಳು ಉದ್ದವಾಗಿರುವುದರಿಂದ ಒಂದನ್ನೊಂದು ಅಳಿಸಿಹಾಕುತ್ತವೆ, ಗಾಯಕರ ದನಿಯೂ ನಡುವೆ ನಿಲ್ಲದೆ ಚದುರುತ್ತದೆ. ವೈರಿನ ಗುರುತು ಅಳಿಸಿಹೋಗಿದ್ದರೆ ಪರೀಕ್ಷೆ ಸುಲಭ. ಆಂಪ್ಲಿಫಯರಿನಿಂದ ವೈರುಗಳನ್ನು ಬಿಚ್ಚಿ, 1.5 ವೋಲ್ಟಿನ ಸೆಲ್ಲನ್ನು ಅವುಗಳ ತುದಿಗೆ ಕ್ಷಣ ಮಾತ್ರ ತಾಗಿಸಬೇಕು. ವೂಫರಿನ (ಬಾಕ್ಸಿನಲ್ಲಿ ಬಾಸ್ ನುಡಿಸುವ ದೊಡ್ಡ ಸ್ಪೀಕರಿನ) ಕೋನ್ ಹೊರಗೆ ಉಬ್ಬಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಕೆಂಪು ಟರ್ಮಿನಲ್ಲಿನ ವೈರು. ಮಾಸ್ತರರಿಗೆ ಬೆರಳ ತುದಿಯನ್ನು ಕೋನಿನ ಮೇಲೆ ಹಗುರಾಗಿ ಇಡಲು ಹೇಳಿದೆ. ಆ ಚಲನೆ ಅವರಿಗೇ ತಿಳಿಯಿತು.

ವೈರು ಸರಿಪಡಿಸಿದ ಮೇಲೆ ಡಗ್ಗಾ ಬಂತು, ಆದರೂ ಪೂರ್ತಿ ತುಂಬಲಿಲ್ಲ. ಸ್ಪೀಕರುಗಳ ಮುಖ ಹಿಂದಿನ ಗೋಡೆಯಿಂದ ಸುಮಾರು 1 ಮೀಟರ್ ಮುಂದಿತ್ತು. ಗೋಡೆಗೆ ಬಡಿದು ಮರಳುವ ಸದ್ದು ನೇರ ಸದ್ದಿಗಿಂತ 2 ಮೀಟರ್ ಹೆಚ್ಚು ದೂರ ನಡೆಯುತ್ತದೆ. 85 ಹರ್ಟ್ಸ್ (ಸೆಕೆಂಡಿಗೆ 85 ಕಂಪನ) ಅಲೆಯ ಉದ್ದ ಸುಮಾರು 4 ಮೀಟರ್ ಆದ್ದರಿಂದ ಅದು ತಿರುಗುಮುರುಗಾಗಿ ಬಂದು ನೇರ ಸದ್ದನ್ನು ತಗ್ಗಿಸುತ್ತದೆ. ಡಗ್ಗಾದ ಬಲವಿರುವುದು ಇದರ ಆಸುಪಾಸಿನಲ್ಲೇ. ಸ್ಪೀಕರುಗಳನ್ನು ಗೋಡೆಯ ಹತ್ತಿರಕ್ಕೆ ಸರಿಸಿದೆವು. ಬಾಕ್ಸಿನ ಹಿಂಬದಿಯಲ್ಲಿ ಗಾಳಿಯ ರಂಧ್ರವಿದ್ದರೆ ಮಾತ್ರ ಗೋಡೆಗೆ ಅಂಟಿಸದೆ ಅಂಗೈಯಗಲವಾದರೂ ಜಾಗ ಬಿಡಬೇಕು.

ಕೇಳುವವರು ಕೂರುವ ಜಾಗದ್ದು ಇನ್ನೂ ದೊಡ್ಡ ವಿಷಯ. 16 ಅಡಿ ಉದ್ದದ ಪಡಸಾಲೆಯಲ್ಲಿ ಸುಮಾರು 35 ಹರ್ಟ್ಸ್ ಅಲೆ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಗಳ ಬಳಿ ಅದು ಗುಡುಗಿದರೆ ಸರಿಯಾಗಿ ನಡುವೆ ಇಲ್ಲವೇ ಇಲ್ಲ ಎನ್ನುವಷ್ಟು ತಗ್ಗುತ್ತದೆ. ನಮ್ಮ ಕಡೆ ಕುರ್ಚಿ ಹಾಕುವುದು ಫ್ಯಾನಿನ ಕೆಳಗೆ, ಫ್ಯಾನ್ ಇರುವುದು ಪಡಸಾಲೆಯ ನಟ್ಟನಡುವೆ. ಬೇಸಿಗೆಯ ರಾಯಚೂರಿನಲ್ಲಿ ಇದನ್ನು ಬೇಡವೆನ್ನುವುದು ಕಷ್ಟ, ಆದರೂ ಕುರ್ಚಿಯನ್ನು ಎರಡು ಮೂರು ಅಡಿ ಹಿಂದಕ್ಕೆ ಎಳೆಸುತ್ತೇನೆ. ಶಹಾಬಾದ್ ಕಲ್ಲಿನ ನೆಲ, ಬರಿ ಗೋಡೆ ಇರುವಲ್ಲಿ ಹಿಂದಿನ ಗೋಡೆಗೆ ದಪ್ಪ ಕೌದಿ ತೂಗುಹಾಕಿದರೆ ದನಿಯ ಮಾರ್ದನಿ ತಗ್ಗಿ ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ಬಟ್ಟೆ ಬಾಸನ್ನು ಹೀರುತ್ತದೆ ಎಂದು ಗಿರಾಕಿಗೆ ಹೇಳುವುದು ಸುಳ್ಳು. ಅಷ್ಟು ಉದ್ದದ ಅಲೆಗೆ ಕೌದಿಯ ದಪ್ಪ ಲೆಕ್ಕಕ್ಕೇ ಇಲ್ಲ.

ಸಬ್‌ವೂಫರ್ (ಬಾಸಿಗೆಂದೇ ಇರುವ ಪ್ರತ್ಯೇಕ ಬಾಕ್ಸ್) ಇದ್ದವರು ಅದನ್ನು ಕುರ್ಚಿಯ ಜಾಗದಲ್ಲಿಟ್ಟು, ತಾವು ಗೋಡೆಗುಂಟ ಬಗ್ಗಿ ನಡೆಯುತ್ತ ಬಾಸ್ ಸಮನಾಗಿ ಕೇಳುವ ಜಾಗ ಹುಡುಕಿ, ಆಮೇಲೆ ಅದನ್ನು ಅಲ್ಲಿಗೆ ಸರಿಸಬೇಕು. ಸಬ್‌ವೂಫರಿಗೂ ಉಳಿದ ಸ್ಪೀಕರುಗಳಿಗೂ ಸದ್ದು ಹಂಚುವ ಗಡಿಯನ್ನು, ಅಂದರೆ ಕ್ರಾಸ್‌ಓವರನ್ನು, 80 ಹರ್ಟ್ಸಿನಿಂದ ಶುರುಮಾಡಬಹುದು.

ಬಾಸ್ ಗುಂಡಿಗೆ ಕೈ ಹಾಕುವುದು ಕೊನೆಗೆ. ಅದನ್ನು 10 ಡೆಸಿಬೆಲ್ ಏರಿಸಿದರೆ ಬಾಸಿನ ಮಟ್ಟಿಗೆ ಆಂಪ್ಲಿಫಯರ್ 10 ಪಟ್ಟು ಶಕ್ತಿ ಕೊಡಬೇಕಾಗುತ್ತದೆ, ಕೋನನ್ನು ಅಲುಗಿಸುವ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಅದರಿಂದ ಬರುವ ಬಿಸಿಯನ್ನು ತಡೆಯಬೇಕಾಗುತ್ತದೆ. ಸುಟ್ಟ ವೂಫರ್ ಬಂದಾಗಲೆಲ್ಲ ಆಂಪ್ಲಿಫಯರನ್ನೂ ಜೊತೆಗೆ ತರಲು ಹೇಳುತ್ತೇನೆ, ಹೆಚ್ಚಿನ ಸಲ ಆ ಗುಂಡಿ ಬಲಕ್ಕೆ ತುದಿ ಮುಟ್ಟಿರುತ್ತದೆ.